ಮುನ್ನೂರ ಹನ್ನೆರಡನೆಯ ಕೋಣೆಯ ಪರದೆ

ಹೆಸರು ಯೋಲಾನಾ. ಬಾಗಿಲು ಕಾಯುವವಳು.
ಕೊಶಿತ್ಸೆ ಊರಿನ ಈ ಹಾಸ್ಟೆಲಿನಲ್ಲಿ
ಇಪ್ಪತ್ತಾರು ಚಳಿಗಾಲ ಬೀಗದ ಕೈ ಎಣಿಸಿದ್ದೇನೆ.
ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಬರುವವರು
ಮೊದಲು ಕಲಿಯುವ ಸ್ಲೋವಾಕ್ ಮಾತು ನನ್ನದೇ:
"ಸಹಿ ಹಾಕು."

ಅವಳು ಬಂದದ್ದು ಸೆಪ್ಟೆಂಬರಿನ ಒಂದು ರಾತ್ರಿ,
ಮಡಗಾಸ್ಕರಿನಿಂದ, ಮೂರು ವಿಮಾನ, ಒಂದು ರೈಲು,
ಕಾಲಲ್ಲಿ ಬರೀ ಚಪ್ಪಲಿ.
ಹಾಯಿಂಗೊ. ಉಳಿದ ಹೆಸರು ಎಷ್ಟುದ್ದವೆಂದರೆ
ನನ್ನ ರಿಜಿಸ್ಟರಿನ ಗೆರೆ ದಾಟಿ
ಪಕ್ಕದ ಕೋಣೆಯವನ ಜಾಗಕ್ಕೂ ಕಾಲು ಚಾಚಿತು.
ಗಣಿಯ ನೀರು ತಿಳಿಮಾಡುವುದನ್ನು ಕಲಿಯಲು ಬಂದವಳು.
"ನಮ್ಮಲ್ಲೂ ಗಣಿ ಇದೆ. ನೀರೂ ಇತ್ತು" ಎಂದಳು.
ಮುಂದಿನದಕ್ಕೆ ಅವಳಲ್ಲಿನ್ನೂ ಪದಗಳಿರಲಿಲ್ಲ.

ಮೊದಲ ತಿಂಗಳು ಹಣ ಬರಲಿಲ್ಲ.
ಯಾವುದೋ ಕಾಗದದಲ್ಲಿ ಯಾವುದೋ ಅಂಕಿ ತಪ್ಪಂತೆ.
ಬ್ರಾಟಿಸ್ಲಾವಾಕ್ಕೆ ನಾನೇ ಫೋನು ಮಾಡಿದೆ:
"ವೇತನ ಅಂದಮೇಲೆ ತಿಂಗಳಿಗೆ ಬರಬೇಕಲ್ಲವೆ ಸ್ವಾಮಿ?"
ಆ ಕಡೆಯವನು ಕೆಮ್ಮಿದ. ಸಂಗೀತ ಹಾಕಿ ಎದ್ದು ಹೋದ.
ಹನ್ನೊಂದು ದಿನ ನನ್ನ ಆಲೂಗಡ್ಡೆ ಸೂಪು ಕುಡಿದಳು;
ಹನ್ನೆರಡನೆಯ ದಿನ ಪಾತ್ರೆ ತೊಳೆದು ತಂದಳು,
ಒಳಗೆ ಒಂದೇ ಒಂದು ವೆನಿಲ್ಲಾ ಕಾಯಿ,
ಮುದುಕಿಯ ಬೆರಳಿನಂತೆ ಸುಕ್ಕಾಗಿ.
ನನ್ನ ಗೂಡಿನ ಬೀಗದ ಕೈಗಳಿಗೆಲ್ಲ ಈಗಲೂ ಅದೇ ವಾಸನೆ.

ಒಪ್ಪಂದದ ಒಂಬತ್ತನೆಯ ಕಲಮು:
ಫಲಾನುಭವಿಯು ವರ್ಷಕ್ಕೊಮ್ಮೆ
ಸ್ವದೇಶದ ಸಂಸ್ಕೃತಿಯನ್ನು ಪ್ರದರ್ಶಿಸತಕ್ಕದ್ದು.
ಕುಣಿಯಲು ಬಾರದು. ಹಾಡಲು ಕಂಠವಿಲ್ಲ.
ಉಡುಪು ತಂದಿಲ್ಲ; ಇಪ್ಪತ್ತಮೂರು ಕಿಲೋದಲ್ಲಿ
ಹನ್ನೆರಡು ಪುಸ್ತಕವೇ ಆಗಿತ್ತು.
"ಇಡೀ ದೇಶವನ್ನು ಒಬ್ಬಳೇ ಹೇಗೆ ಉಟ್ಟುಕೊಳ್ಳಲಿ, ಯೋಲಾನಾ?"

ಇಬ್ಬರೂ ಕಿಟಕಿಯತ್ತ ನೋಡಿದೆವು.
ಹಳದಿ ಹೂವಿನ ಪರದೆ,
ಬಿದ್ದುಹೋದ ಸರ್ಕಾರದ ಕಾಲದ್ದು,
ದಾಸ್ತಾನು ಸಂಖ್ಯೆ ನಾನೂರ ನಲವತ್ತೇಳು.
ಕೊಕ್ಕೆ ಕಿತ್ತೆ, ಅಂಚು ಬಿಚ್ಚಿ ಹೊಲಿದೆ.
ಲಂಬಾ ಸುತ್ತುವುದು ಹೇಗೆಂದು ತೋರಿಸಿದಳು:
ತುದಿ ಈ ಹೆಗಲಿಗೆ. ಮನೆಯಲ್ಲಿ ಸಾವಾದರೆ
ಆ ಹೆಗಲಿಗೆ.

ಸಮಾರಂಭದ ಸಂಜೆ ಸಚಿವಾಲಯದ ಹೆಂಗಸು
ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ,
"ಎಂಥ ನೇಯ್ಗೆ! ಹಳೆಯದಿರಬೇಕು" ಎಂದಳು.
"ಬಹಳ ಹಳೆಯದು" ಎಂದಳು ಹಾಯಿಂಗೊ, ಸುಳ್ಳಾಡದೆ.
ಆಮೇಲೆ ಏಳು ನಿಮಿಷ
ತನ್ನೂರ ಹಳ್ಳ ವರ್ಷ ವರ್ಷ ಬಣ್ಣ ಬದಲಿಸಿದ್ದನ್ನು ಹೇಳಿದಳು.
ಇದು ಸಂಸ್ಕೃತಿಯೇ ಎಂದು ಯಾರೂ ಕೇಳಲಿಲ್ಲ.
ಚಪ್ಪಾಳೆ. ಕೇಕು. ಫೋಟೊ.

ಬಾಗಿಲ ಬಳಿ ನಿಂತ ನನಗೆ ಕಂಡದ್ದು
ತುದಿ ಮಾತ್ರ.
ಮೂರು ರಾತ್ರಿಗಳ ಹಿಂದೆ ಬರಿಗಾಲಲ್ಲಿ ಇಳಿದುಬಂದು
ನನ್ನ ಗೂಡಿನ ಮುಂದೆ ನಿಂತಿದ್ದಳು,
"ಅಜ್ಜಿ" ಎಂದಿದ್ದಳು, ನಮ್ಮ ಭಾಷೆಯಲ್ಲಿ.
ಟಿಕೆಟಿಗೆ ನಾಲ್ಕು ತಿಂಗಳ ವೇತನ ಬೇಕಿತ್ತು.
ಕೂತು ಸಕ್ಕರೆ ಹಾಕಿದ ಬಿಸಿನೀರು ಕುಡಿದಳು,
ರಿಜಿಸ್ಟರಿನಲ್ಲಿ ಸಹಿ ಹಾಕಿ ಮೇಲೆ ಹೋದಳು.

ವಾರ್ಷಿಕ ವರದಿ, ಪುಟ ಹದಿನೇಳು:
ನನ್ನ ಪರದೆ, ಅವಳ ಹೆಗಲು,
ಕೆಳಗೆ ದಪ್ಪಕ್ಷರ: ವಿನಿಮಯದ ಸಂಭ್ರಮ.

ಜೂನಿನಲ್ಲಿ ಒಗೆದು, ಇಸ್ತ್ರಿ ಮಾಡಿ,
ಕೊಕ್ಕೆಗಳನ್ನೂ ಎಣಿಸಿ ಒಪ್ಪಿಸಿದಳು.
ಪರದೆ, ಒಂದು, ಇದೆ, ಎಂದು ಗುರುತು ಹಾಕಿದೆ.
'ಸ್ಥಿತಿ' ಎಂಬ ಅಂಕಣ ಇನ್ನೂ ಖಾಲಿ.

ಈಗ ಆ ಕೋಣೆಯಲ್ಲಿ ಕಿರ್ಗಿಜ್ ಹುಡುಗ.
ನಿನ್ನೆ ದೂರು ತಂದ:
ಪರದೆ ಒಂದು ಬದಿಗೆ ವಾಲುತ್ತದಂತೆ.
ಯಾವ ಬದಿಗೆ, ಎಂದು ಕೇಳಿದೆ.