ಎಡಕ್ಕ ಒಂದು

ಸೂಪರ್ ಮಾರ್ಕೆಟಿನ ಹಿಂದಿನ ಗಲ್ಲ್ಯಾಗ
ಎರಡನೂರಾ ಎಂಬತ್ತು ಅಂದ, ನಲವತ್ತು ಬಿಟ್ಟ.
ಬಿಲ್ಲು ಕೇಳಿದ್ರ ನಕ್ಕ.
ಹಳದಿ ರಬ್ಬರಿನ ಅಂಗಿ, ಹೊಸ ಚಪ್ಪಲಿ ವಾಸನಿ,
ನಡುವ ಒಂದು ತಿರುಗಣಿ, ಸುತ್ತ ಇಪ್ಪತ್ತು ಮನಿ.
ತಿರುವಿದ್ರ ಕಟ್ ಕಟ್ ಅಂತ
ಮನಿಯಿಂದ ಮನಿಗಿ ಹೋಗ್ತದ,
ಒಂದೆರಡು ಹೊಸ್ತಿಲದಾಗ ಜರಾ ಎಡವತದ.

ಸಾವಿರ ವೋಲ್ಟ್ ತಡೀತೀನಿ ಅಂತ ಬೆನ್ನಿಗಿ ಬರಕೊಂಡಾದ.
ವೈರು ನೋಡ್ದೆ, ಶಾವಿಗಿಗಿಂತ ತುಸು ದಪ್ಪ.
ಇರಲಿ. ನಾನೂ ಬೋರ್ಡಿನ ಮ್ಯಾಲ
‘ಎಲ್ಲಾ ನಮೂನಿ ಮೋಟಾರು ರಿಪೇರಿ’ ಅಂತ ಬರಸೀನಿ.

ಅಂಗಡಿಗಿ ಬಂದು ಮೊದಲ
ಕೆಂಪು ಮೊನಿ, ಕರಿ ಮೊನಿ ಒಂದಕ್ಕೊಂದು ಹಚ್ಚಿದೆ.
ಸೊನ್ನಿ ಬರಬೇಕು.
ಸೊನ್ನಿ ಪಾಯಿಂಟ್ ಎಂಟು ಬಂತು.
ತನಗ ತಾನೇ ಮುಟ್ಟಿಕೊಂಡ್ರೂ
ಅಷ್ಟು ತಕರಾರು ಅದ ಅದರೊಳಗ.
ಗ್ವಾಡಿ ಮ್ಯಾಲ ಪೆನ್ಸಿಲ್ಲಿನಿಂದ ಬರದಿಟ್ಟೆ:
ಪಾಯಿಂಟ್ ಎಂಟು ಕಳೀಬೇಕು.

ಸಾಕೆಟ್ಟಿನಾಗ ಇಟ್ಟೆ. ನೂರಾ ಎಂಬತ್ತೇಳು.
ಮೇ ತಿಂಗಳ ಮಧ್ಯಾಹ್ನ ಮೂರು,
ಶಹಾಬಜಾರದ ಕೂಲರೆಲ್ಲಾ ಒಂದೇ ತಾರಿಗಿ ಬಾಯಿ ಹಚ್ಯಾವ.
ಇಷ್ಟು ದಿನ ಯಾರರ ಬಂದು
ಫ್ಯಾನ್ ಮೆತ್ತಗ ತಿರಗತದ ಅಂದ್ರ
ಬೇರಿಂಗ್ ಬಿಚ್ಚತಿದ್ದೆ.
ಎಷ್ಟು ಬೇರಿಂಗ್ ಸುಮ್ಮಸುಮ್ಮನ ಬಿಚ್ಚೀನೋ!
ರೊಕ್ಕಾನೂ ತಗೊಂಡೀನಿ.

ಲಾಡ್ಲೇಸಾಬ ಉಸ್ತಾದರು ಸ್ಟೂಲಿನ ಮ್ಯಾಲ ಕುಂತು
ಬಸಿ ಚಾದಾಗ ಬನ್ ಅದ್ದತಿದ್ರು.
ನಲವತ್ತು ವರ್ಷ ಅವರ ಮೀಟರು ಅಂದ್ರ
ಹೋಲ್ಡರಿಗಿ ಎರಡು ವೈರು ಕಟ್ಟಿದ ಬಲ್ಬು,
ಸೆಲ್ಲಿಗಿ ನಾಲಿಗಿ,
ಬಾಕಿ ಎಲ್ಲಾದಕ್ಕ ಬಲಗೈ.
‘ಮನಷ್ಯಾಗ ಹಚ್ಚಿದ್ರ ಏನಂತದ ಇದು?’ ಅಂದ್ರು.

ಎರಡೂ ಮೊನಿ ನಾ ಹಿಡದೆ. ಬೆವರಿನ ಕೈ.
ನಾಕನೂರಾ ಹತ್ತು, ಮುನ್ನೂರಾ ತೊಂಬತ್ತು,
ಅಂಕಿ ಒಂದ ಕಡಿ ನಿಲ್ಲವಲ್ಲವು.
ಆಮ್ಯಾಲ ಅವರು ಹಿಡದ್ರು.
ಪರದಿ ಮ್ಯಾಲ ಎಡಕ್ಕ ಒಂದೇ ಒಂದು ‘ಒಂದು’,
ಬಾಕಿ ಜಾಗ ಖಾಲಿ.
ಕೊನೀ ಮನಿಗಿ ತಿರುವಿದೆ. ಒಂದು.
ಒತ್ತಿ ಹಿಡೀರಿ ಅಂದೆ.
ಉಗುರು ಬೆಳ್ಳಗಾಗೂ ಹಂಗ ಒತ್ತಿದ್ರು. ಒಂದು.

ಡಬ್ಬಿಯೊಳಗಿನ ಕಾಗದ ಬಿಚ್ಚಿ ಓದಿದೆ.
ಎಡಕ್ಕ ಒಂದು ಬಂದ್ರ
ಈ ಮೀಟರಿನ ಕೈಗಿ ಸಿಗೂದಿಲ್ಲ ಅಂತ ಅರ್ಥ.
ಹರದ ವೈರಿಗೂ ಹಂಗೇ ಬರ್ತದಂತ.

ಅವರ ಕೈ ತಿರುವಿ ನೋಡ್ದೆ.
ತಾಮ್ರದ ತಂತಿ ಎಳದ ಗೆರಿ,
ಗೆರಿ ಮ್ಯಾಲ ಬೆಸುಗಿ ಸುಟ್ಟ ಬೊಬ್ಬಿ,
ಬೊಬ್ಬಿ ಒಣಗಿದ ಮ್ಯಾಲ ವಾರ್ನಿಶ್.
ಲೈನಿನ ವೈರು ಮುಟ್ಟಿ ‘ಅದ, ಅದ’ ಅಂತಿದ್ರಲ್ಲ,
ಅದು ಧೈರ್ಯ ಅಂತ ತಿಳಕೊಂಡಿದ್ದೆ.
ಹೋದ ಬ್ಯಾಸಿಗ್ಯಾಗ ನಾನೂ ಹಂಗ ಮುಟ್ಟಲಿಕ್ಕ ಹೋಗಿ
ಕಪಾಟಿಗಿ ಹೋಗಿ ಬಿದ್ದಿದ್ದೆ,
ಅಂಜಬುರುಕಿ ಅಂತ ನಕ್ಕಿದ್ರು.

‘ಹಂಗಾದ್ರ ನಾ ಹರದ ವೈರೇನ, ಭಾಗಮ್ಮಾ?’
ಏನ ಹೇಳಬೇಕೋ ತಿಳೀಲಿಲ್ಲ.
ಅವರೇ ಬಸ್ಯಾಗಿನ ಚಾದಾಗ
ಎರಡೂ ಕೈಯಿನ ಬೆರಳು ಅದ್ದಿ ಮತ್ತ ಹಿಡದ್ರು.
ಒಂದು ಗಳಿಗಿ ಏನೂ ಇಲ್ಲ.
ಆಮ್ಯಾಲ ಎಂಟನೂರಾ ಇಪ್ಪತ್ತು.
‘ಜೀವ ಅದ’ ಅಂದ್ರು ಉಸ್ತಾದರು,
ಬೆರಳು ನೆಕ್ಕೊಂಡ್ರು.

ಅಷ್ಟರಾಗ ಆಳಂದ ನಾಕಾದಿಂದ ಒಬ್ಬ
ಕೂಲರಿನ ಮೋಟಾರು ಬಗಲಾಗ ಹಿಡಕೊಂಡು ಬಂದ.
ಉಸ್ತಾದರ ಬಲಗೈ ತಾನೇ ಮುಂದ ಹೋಯ್ತು.
ನಡುವ ನಿಂತು ಒದ್ದಿ ಬೆರಳು ನೋಡಿಕೊಂಡು,
ಲುಂಗಿಗಿ ಒರಸಿ, ಹಿಂದ ಬಂತು.
‘ಹಚ್ಚು ನಿನ್ನ ಹಳದಿ ಅಂಗ್ಯಾವನ್ನ.’

ಹಚ್ಚಿದೆ. ಪೀ ಅಂತು.
ಗಿರಾಕಿ ಅಂಜಿ ಒಂದ ಹೆಜ್ಜಿ ಹಿಂದ ಸರದ.