ದಾರ ಕಟ್ಟಿದ ಪೆನ್ನು

ಹದಿನೇಳನೆಯ ಸ್ಯಾಂಪಲ್ ಬಂದದ್ದು ಕಡ್ಡಿಪೆಟ್ಟಿಗೆಯಲ್ಲಿ.
ಬಾಟ್ಲಿ ಕೊಟ್ಟಿದ್ದೆ. ಅದರಲ್ಲಿ ಕೊಬ್ಬರಿ ಎಣ್ಣೆ ತುಂಬಿಟ್ಟಿದ್ದಾಳೆ ಮೌಲಮ್ಮ.
'ಚಲೋ ಬಾಟ್ಲಿ ಐತ್ರಿ ಅದು, ಇದಕ್ಯಾಕ ಹಾಳ್ಮಾಡೂದು?'
ಸೊಂಟದ ಮೇಲಿನ ಕೂಸಿಗೆ ಕಣ್ಣು ಒಳಗೆ ಹೋಗಿದೆ.
ಹೊಟ್ಟೆಯ ತೊಗಲು ಚಿವುಟಿದರೆ
ಚಿವುಟಿದ ಹಾಗೇ ನಿಲ್ಲುತ್ತದೆ, ಕೆನೆಯಂತೆ.

ಗಾಜಿನ ಮೇಲೆ ಒಂದು ಹನಿ, ಕಡ್ಡಿಯ ತುದಿಯಷ್ಟು ಅದು.
ಮಸೂರದ ಕೆಳಗೆ ಸಿಂಧನೂರಿನ ಊಟ:
ಅರಗದ ನುಚ್ಚು, ಮೆಣಸಿನಕಾಯಿ ಸಿಪ್ಪೆ.
ಜಂತಿನ ಮೊಟ್ಟೆಯಿಲ್ಲ, ಅಮೀಬಾ ಇಲ್ಲ.
'ಏನೂ ಕಂಡಿಲ್ಲ' ಎಂದು ಬರೆದುಕೊಟ್ಟೆ.
ಅವಳು ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದಳು.
'ಏನೂ ಇಲ್ಲಂದ್ರ, ಹದಿನಾಕು ಸಲ ಹೋಗಿದ್ದು ಏನ್ರಿ ಮತ್ತ?'

ಹೇಗೆ ಹೇಳಲಿ, ನನ್ನ ಮಸೂರ ಇದಕ್ಕೆ ಕುರುಡು,
ಕಾಲುವೆಯ ನೀರು ಸಾಸಿವೆಕಾಳನ್ನು ಲೆಕ್ಕಿಸದಂತೆ
ಬೆಳಕು ಇದನ್ನು ದಾಟಿ ಹೋಗುತ್ತದೆ.
ಕೊನೆಗೊಂದು ಪಟ್ಟಿಯ ಮೇಲೆ ಹನಿಸಿ, ಹದಿನೈದು ನಿಮಿಷ ಕಾದೆ.
ಒಂದು ಕೆಂಪು ಗೆರೆ ಮೂಡಿತು, ಪಟ್ಟಿ ಕೆಟ್ಟಿಲ್ಲ ಅಂತ.
ಎರಡನೆಯದು ಬರಲಿಲ್ಲ.
ರೋಟಾ ಅಲ್ಲ. ಹಾಗಾದರೆ ಅದರ ಯಾವ ದಾಯಾದಿ?
ಹೆಸರು ಬೇಕಾದರೆ ಮಂಜುಗಡ್ಡೆಯ ಜೊತೆ ಕೂತು
ರಾಯಚೂರಿಗೆ ಹೋಗಬೇಕು, ಅಲ್ಲಿಂದ ಇನ್ನೂ ಮುಂದಕ್ಕೆ.
ಉತ್ತರ ಬರುವಷ್ಟರಲ್ಲಿ ಕೂಸು ಗೋಡೆ ಹಿಡಿದು ನಡೆಯುತ್ತಿರುತ್ತದೆ,
ಇಲ್ಲವೇ

ಅದಕ್ಕೇ ಬಾಯಿಬಿಟ್ಟು ಕೇಳುತ್ತೇನೆ. ಯಾರು ಉಣಿಸಿದ್ದು?
'ನಮ್ಮತ್ತಿ. ರೊಟ್ಟಿ ಅಗದು ಅಗದು ಬಾಯಾಗ ಇಡತಾಳ.'
ಅತ್ತೆ ಆರಾಮಿದ್ದಾಳಾ?
'ಮೊನ್ನಿ ವಾಂತಿ ಆತ್ರಿ. ನಾನ ಬಳದೆ.'
ಯಾವುದರಲ್ಲಿ? ಸೆರಗು ತೋರಿಸಿದಳು.
ಅದೇ ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು, ನನ್ನೆದುರಿಗೇ.
ಇಷ್ಟು ದೂರವೂ ಅದು ಮಡಿಲಿಂದ ಮಡಿಲಿಗೇ ಬಂದಿದೆ.

ಸೋಪು ಹಚ್ಚಿ ತಿಕ್ಕು ಅಂದೆ, ಘಮಘಮ ಸ್ಯಾನಿಟೈಜರಿಗೆ ಇದು ಬಗ್ಗುವುದಿಲ್ಲ.
ಓಆರ್‌ಎಸ್, ಕಾಸಿ ಆರಿಸಿದ ನೀರು, ಚಮಚ ಚಮಚ.
'ಇಂಜೆಕ್ಷನ್ ಮಾಡಂಗಿಲ್ಲೇನ್ರಿ?'
ಇಲ್ಲವ್ವಾ. ಇದಕ್ಕೆ ಅಂಥದ್ದೇನೂ ಇಲ್ಲ.
ನಂಬಲಿಲ್ಲ ಅವಳು. ರಿಜಿಸ್ಟರಿಗೆ ಬಗ್ಗಿದಳು,
ಸಹಿಯಷ್ಟೇ ಕಲಿತ ಕೈ, ಒಂದೊಂದೇ ಅಕ್ಷರ.
ಯಾರೂ ಒಯ್ಯಬಾರದೆಂದು
ಪೆನ್ನಿಗೆ ದಾರ ಕಟ್ಟಿದವಳು ನಾನೇ.
ಅದರ ತುದಿಯಲ್ಲಿ ಹಲ್ಲಿನ ಗುರುತುಗಳು. ಅವೂ ನನ್ನವೇ.
ಲೆಕ್ಕ ತಪ್ಪಿದಾಗ ಕಚ್ಚುವುದು ಕಾಲೇಜಿನ ಕಾಲದ ಚಾಳಿ.

ಶುಕ್ರವಾರ ನಸುಕಿನ ನಾಲ್ಕಕ್ಕೆ
ಬಚ್ಚಲ ಗೋಡೆಗೆ ಹಣೆ ಒತ್ತಿ ಕೂತಾಗ
ಆ ದಾರ ನೆನಪಾಯಿತು.

ಹತ್ತಕ್ಕೆ ಲ್ಯಾಬು ತೆರೆದೆ. ಬಾಟ್ಲಿಗಳು ಮುಗಿದಿದ್ದವು,
ಊರಿನ ಅರ್ಧ ಎಣ್ಣೆ ಈಗ ಅವುಗಳಲ್ಲೇ.
ಇಪ್ಪತ್ತಮೂರು. ಶಾಹೀನ್. ಹೆಣ್ಣು. ಮೂವತ್ತೊಂಬತ್ತು.
ಮಸೂರಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದೆ, ನನ್ನದನ್ನೇ.
ಏನೂ ಕಂಡಿಲ್ಲ.