ಸೀಸ

ಕಂಪ್ಲಿ ಕೋಟೆಯ ಹಳೇ ಸೇತುವೆಯಿಂದ ಕೆಳಗೆ
ಕೂಗಳತೆ ದೂರದಲ್ಲಿ ಒಂದು ಬಂಡೆ.
ಭಾನುವಾರ ಬೆಳಿಗ್ಗೆ ಅದರ ಬೆನ್ನ ಮೇಲೆ ನಾನು,
ಪಕ್ಕದ ಮಡುವಿನಲ್ಲಿ ಹರಿಗೋಲು ಹಿಡಿದು ಯಂಕೋಬ.

ಕೋಲು ಮೊದಲಿಗೆ ನನ್ನದಲ್ಲ.
ಸಣಾಪುರದ ಗೆಸ್ಟ್‌ಹೌಸಿನವನು ಯಾವನೋ ಪರದೇಶಿಯಿಂದ
ನಾಲ್ಕು ದಿನದ ಬಾಡಿಗೆಗೆ ಹಿಡಿದಿಟ್ಟುಕೊಂಡದ್ದು.
ಹುಳ ಮಾತ್ರ ನನ್ನದೇ:
ನಾಟಿ ಹುಂಜದ ಕುತ್ತಿಗೆಯ ಪುಕ್ಕ,
ಮೋಟರ್ ವೈಂಡಿಂಗ್ ಅಂಗಡಿಯ ತಾಮ್ರದ ಎಳೆ,
ಒಳಗೆ, ಕಾಣದ ಹಾಗೆ, ಚೂರು ಸೀಸ.

ಸೀಸದ ಕಥೆ ಹೇಳಬೇಕು.
ನಾನು ತೂಕ ಅಳತೆ ಇಲಾಖೆಯವನು. ಇಪ್ಪತ್ತಾರು ವರ್ಷ
ಸಿರುಗುಪ್ಪ, ಕುರುಗೋಡು, ಕಂಪ್ಲಿ ಸಂತೆಗಳಲ್ಲಿ
ತೂಕದ ಬಟ್ಟು ಮಗುಚಿ ನೋಡಿದವನು.
ಕಬ್ಬಿಣದ ಬಟ್ಟಿನ ಅಡಿಗೆ ಒಂದು ಕುಳಿ,
ಕುಳಿಯ ತುಂಬ ಸೀಸ, ಸೀಸದ ಮೇಲೆ ಸರ್ಕಾರದ ಮುದ್ರೆ.
ಕಮ್ಮಿ ಬಿದ್ದರೆ ಹೊಯ್ಯಿ, ಹೆಚ್ಚಾದರೆ ಕೆರೆ.
ಉಪಯೋಗಕ್ಕಿಲ್ಲವೆಂದು ಬಿಸಾಕಿದ ಬಟ್ಟುಗಳಿಂದ
ಚಾಕುವಿನ ತುದಿಯಲ್ಲಿ ಎಬ್ಬಿಸಿದ್ದೇನೆ ಇದನ್ನು.
ಎಷ್ಟು ಮೆಣಸಿನಕಾಯಿ ತೂಗಿತ್ತೋ, ಎಷ್ಟು ಹುಣಸೆ.
ಈಗ ಗಾಳದ ಸೊಂಟಕ್ಕೆ ಏಳು ಸುತ್ತು.

ಅಂಗಡಿಯಲ್ಲಿ ಅರ್ಧ ಗ್ರಾಂ ಅಂದರೆ ಅರ್ಧ ಗ್ರಾಂ.
ಇಲ್ಲಿ ಹಾಗಲ್ಲ.
ಮೊದಮೊದಲು ಭಾರ ಹೆಚ್ಚಿಸುತ್ತ ಹೋದೆ,
ಹತ್ತು ಸುತ್ತು, ಹನ್ನೆರಡು.
ಹುಳ ಕಲ್ಲಿನ ಸಂದಿಗೆ ಹೋಗಿ ಕೂತಿತು, ಕರೆದರೆ ಬಾರದು.
ಒಂದೇ ಬೆಳಿಗ್ಗೆ ಐದು ಕಳೆದುಕೊಂಡೆ.
ಇಳಿಸಿದೆ. ಆಗ ಮೀನಿನ ನೆತ್ತಿಯ ಮೇಲೆ
ನಿಲುಗಡೆ ಇಲ್ಲದ ಬಸ್ಸಿನಂತೆ ಹೋಯಿತು.

"ಸಾಹೇಬ್ರ, ತಪ್ಪು ಭಾರದ್ದಲ್ರೀ," ಅಂದ ಯಂಕೋಬ,
ಬೀಡಿ ಹಚ್ಚುವ ಮುಂಚೆ, ನನ್ನ ಕಡೆ ನೋಡದೆ.
"ಮ್ಯಾಲಿನ ನೀರು ಓಡತೈತಿ, ಕೆಳಗಿಂದು ನಡೀತೈತಿ.
ನಿಮ್ಮ ದಾರ ಓಡೋರ ಕೈಯಾಗ ಸಿಕ್ಕೈತಿ.
ಹುಳಕ್ಕ ಇಳಿಯಾಕ ಪುರುಸೊತ್ತು ಎಲ್ಲೈತಿ?"

ನೋಡಿದೆ. ಹೌದು.
ರಾತ್ರಿ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ;
ಹೊಳೆಯ ನಡುಪಟ್ಟಿ ಪೂರಾ ಕಂದು ಅವಸರ.
ದಾರ ಅದಕ್ಕೆ ಬಿದ್ದದ್ದೇ ಹೊಟ್ಟೆ ಉಬ್ಬಿ
ಬಿಲ್ಲಾಗುತ್ತದೆ, ಬಿಲ್ಲು ಹುಳವನ್ನು ಎಳೆಯುತ್ತದೆ,
ಎಳೆದದ್ದು ಏಳುತ್ತದೆ.
ಆಗ ಸೀಸಕ್ಕೂ ಹುಂಜದ ಪುಕ್ಕಕ್ಕೂ ಒಂದೇ ದರ.

ಹಾಗಾಗಿ ಈಗ ಮೇಲ್ಹರಿವಿಗೆ ಎಸೆಯುತ್ತೇನೆ,
ಮೀನು ಇರಬಹುದಾದ ಜಾಗಕ್ಕಿಂತ ನಾಲ್ಕು ಮಾರು ಮೊದಲೇ.
ಬಿದ್ದೊಡನೆ ಮಣಿಕಟ್ಟು ತಿರುವಿ ದಾರದ ಹೊಟ್ಟೆಯನ್ನು
ಎತ್ತಿ ಹಿಂದಕ್ಕೆ ಹಾಕುತ್ತೇನೆ,
ನಿದ್ದೆಗಣ್ಣಿನ ಮಗುವಿನ ಕಾಲು ಹಾಸಿಗೆಗೆ ಎಳೆದ ಹಾಗೆ.
ಒಂದು. ಎರಡು. ಮೂರು.
ಪುಕ್ಕವನ್ನೂ ತೆಳ್ಳಗೆ ಮಾಡಿದ್ದೇನೆ: ದಪ್ಪ ಮೈಯ ಹುಳ
ನೀರೊಳಗೆ ಕೊಡೆ ಬಿಚ್ಚಿ ನಿಲ್ಲುತ್ತದೆ, ಬಡಕಲು ಬೇಗ ಇಳಿಯುತ್ತದೆ.
ನಾಲ್ಕು. ಐದು.
ನಡೆಯುವ ನೀರಿಗೆ ಸೇರಿರಬೇಕು ಈಗ.
ಆರು.

ದಾರ ನಿಂತಿತು.
ಜಗ್ಗಲಿಲ್ಲ, ನಡುಗಲಿಲ್ಲ. ನಿಲ್ಲಬಾರದ ಕಡೆ ನಿಂತಿತು.
ತಕ್ಕಡಿಯ ಮುಳ್ಳು ನಿಲ್ಲುವುದನ್ನೇ ಕಾಯ್ದು
ಸಂಬಳ ಉಂಡವನು ನಾನು;
ಕೈ ತಾನಾಗಿ ಎದ್ದಿತು.

ಕೆಂಡೆ. ಗೇಣಿಗಿಂತ ಉದ್ದ, ಮೊಳಕ್ಕಿಂತ ಗಿಡ್ಡ.
ತುಟಿಯ ತುದಿಯಲ್ಲಿ ಪುಕ್ಕ ಹರಿದು ಸೀಸ ಇಣುಕುತ್ತಿತ್ತು.
ಗಾಳ ಬಿಡಿಸಿ, ಹರಿವಿಗೆ ಮುಖ ಕೊಟ್ಟು ಹಿಡಿದೆ.
ಸ್ವಲ್ಪ ಹೊತ್ತು ನನ್ನ ಕೈ ಮೇಲೆ ಭಾರ ಬಿಟ್ಟಿತ್ತು.
ಆಮೇಲೆ ಬಿಡಲಿಲ್ಲ. ಹೋಯಿತು.

"ಎಷ್ಟಾಗ್ತಿತ್ರೀ?" ಯಂಕೋಬ ಕೇಳಿದ.
ಬಾಯಿಗೆ ಅಂಕಿ ಬಂದಿತ್ತು, ದಶಾಂಶದ ಸಮೇತ.
"ಗೊತ್ತಾಗ್ಲಿಲ್ಲ" ಅಂದೆ.
"ಹೌದ್ಹೌದು. ಬಿಟ್ಟ ಮೀನು ಯಾವಾಗ್ಲೂ ಎರಡು ಕಿಲೋನ"
ಅನ್ನುತ್ತ, ಹರಿಗೋಲಿನಲ್ಲಿ ನಿಂತ ನೀರನ್ನು
ಡಾಲ್ಡಾ ಡಬ್ಬಿಯಲ್ಲಿ ಮೊಗೆದು ಹೊಳೆಗೆ ಸುರಿಯತೊಡಗಿದ.